ಎಲೆಯ ಅಡಿಗೆ ಇಳಿದ ಕ್ಯಾಮೆರಾ

ನಾನು ಬಳಸುವ ಕ್ಯಾಮೆರಾಗೆ ತೂಕವಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಅದೊಂದು ಪುಟ್ಟ ಗೆರೆಚಿತ್ರ, ಅಷ್ಟೆ. ಮೌಸ್ ಹಿಡಿದು ಎಲ್ಲಿಗೆ ಎಳೆದರೂ ಬರುತ್ತದೆ. ಗೋಡೆ ಅಡ್ಡವಾಗುವುದಿಲ್ಲ, ಕಾಲು ಜಾರುವುದಿಲ್ಲ, ಕಣ್ಣಿಗೆ ಕಾಣದ ಅಣುವಿನ ಒಳಗೂ ನುಗ್ಗಿ ಬರುತ್ತದೆ. ಎಲ್ಲಿಗೆ ಬೇಕಾದರೂ ಹೋಗಬಲ್ಲ ಈ ಕ್ಯಾಮೆರಾ ಎಷ್ಟು ಎಡವಟ್ಟು ಮಾಡಬಲ್ಲದು ಎಂದು ನನಗೆ ಗೊತ್ತಾದದ್ದು ಬಾಳೂರಿನಲ್ಲಿ, ಅಕ್ಕನ ತೋಟದಲ್ಲಿ, ಮಳೆಗಾಲ ಇನ್ನೇನು ಹಿಡಿಯಬೇಕು ಎನ್ನುವ ಹೊತ್ತಿಗೆ.

ಮೂಡಿಗೆರೆಯಲ್ಲಿ ನಮ್ಮದು ಸ್ಪ್ರೇ ಪಂಪು, ಪೈಪು, ಮೈಲುತುತ್ತ, ಸುಣ್ಣ ಮಾರುವ ಅಂಗಡಿ. ಅದರ ಮಾಳಿಗೆಯ ಕೋಣೆಯಲ್ಲಿ ಕೂತು ನಾನು ಅಣುಗಳ ಅನಿಮೇಷನ್ ಮಾಡುತ್ತೇನೆ. ಹೆಚ್ಚಿನದೆಲ್ಲ ದೂರದ ಔಷಧ ಕಂಪನಿಗಳ ಕೆಲಸ. ಕೆಳಗೆ ಅಂಗಡಿಗೆ ಬರುವ ಗಿರಾಕಿಗೂ ಮೇಲೆ ನಾನು ಮಾಡುವುದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆ ವರ್ಷ ಕಾಫಿ ಅರಳಿಸುವ ಹೂಮಳೆ ಬಿದ್ದು, ಹೂವು ಬಾಡಿ ಕಂದಾಗುವಾಗ, ಒಬ್ಬರು ಸಸ್ಯರೋಗ ವಿಜ್ಞಾನಿ ಮೆಟ್ಟಿಲು ಹತ್ತಿ ಬಂದರು. ನಿವೃತ್ತರಾದ ಹೆಂಗಸು. ಊರೂರಿಗೆ ಹೋಗಿ ಸಣ್ಣ ಬೆಳೆಗಾರರಿಗೆ ಎಲೆ ತುಕ್ಕು ರೋಗದ ಬಗ್ಗೆ ಹೇಳುವುದನ್ನು ಇಟ್ಟುಕೊಂಡಿದ್ದರು.

ಅರೇಬಿಕಾ ಕಾಫಿಗೆ ಈ ತುಕ್ಕು ಬಂದರೆ ಎಲೆಯಲ್ಲಿ ಹಳದಿ ಪುಡಿ ಏಳುತ್ತದೆ, ಎಲೆ ಉದುರುತ್ತದೆ, ಗಿಡ ಬೋಳಾಗಿ ನಿಲ್ಲುತ್ತದೆ. ಅದಕ್ಕೆ ತಾಮ್ರದ ನೀಲಿ ಹರಳಾದ ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಹೊಡೆಯುವುದು ಹಳೆಯ ಪದ್ಧತಿ.

"ಹಳದಿ ಕಂಡ ಮೇಲೆ ಬೋರ್ಡೋ ಹೊಡಿಯೋಕೆ ಓಡ್ತಾರೆ," ಅಂದರು ಮೇಡಂ. "ಅಷ್ಟೊತ್ತಿಗೆ ರೋಗ ಎಲೆಯೊಳಗೆ ಮನೆ ಮಾಡಿರ್ತದೆ. ತಾಮ್ರ ಅಲ್ಲಿಗೆ ಹೋಗಲ್ಲ. ಮಳೆಗೆ ಮುಂಚೆನೇ ಯಾಕೆ ಹೊಡೀಬೇಕು ಅನ್ನೋದನ್ನ ನಾನು ಹೇಳಿ ಹೇಳಿ ಸಾಕಾಗಿದೆ. ನೀವು ತೋರಿಸಿ."

ಒಪ್ಪಿಕೊಂಡೆ. ಒಪ್ಪಲು ಇನ್ನೊಂದು ಕಾರಣವೂ ಇತ್ತು. ಅಕ್ಕನ ಮನೆಯ ಹಿಂದಿನ ಇಳಿಜಾರಿನಲ್ಲಿರುವುದು ಪೂರ್ತಿ ಅರೇಬಿಕಾ. ಹಿಂದಿನ ವರ್ಷ ತುಕ್ಕು ಬಂದು ಅರ್ಧಕ್ಕರ್ಧ ಬೋಳಾಗಿತ್ತು. ಭಾವ ಬೇಸತ್ತು, ಅದನ್ನೆಲ್ಲ ಕಿತ್ತು, ತುಕ್ಕು ಅಷ್ಟಾಗಿ ತಗಲದ ರೋಬಸ್ಟಾ ಹಾಕುವುದೆಂದು ತೀರ್ಮಾನಿಸಿದ್ದರು. ಮುಂದಿನ ವರ್ಷಕ್ಕೆಂದು ರೋಬಸ್ಟಾ ಸಸಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಎಬ್ಬಿಸಿ ಗೇಟಿನ ಪಕ್ಕ ಸಾಲಾಗಿ ಇಟ್ಟೂ ಆಗಿತ್ತು. ಆ ಇಳಿಜಾರಿನ ಗಿಡಗಳನ್ನು ಮದುವೆಯಾಗಿ ಬಂದ ಹೊಸದರಲ್ಲಿ ಅಕ್ಕ ನಿಂತು ನೆಡಿಸಿದ್ದು. ಕೊಂಬೆ ಕತ್ತರಿಸಿ ಕಸಿ ಮಾಡುವುದು, ಚಿಗುರು ತೆಗೆಯುವುದು ಎಲ್ಲ ಅವಳದೇ ಉಸ್ತುವಾರಿ. ಇನ್ನೊಂದು ವರ್ಷ ಬಿಡಿ ಎಂದು ಅವಳು ಕೇಳಿದಳು. "ಸರಿ, ಒಂದು ವರ್ಷ. ಈ ಸಲನೂ ಎಲೆ ಉದುರಿದ್ರೆ ಮತ್ತೆ ಮಾತಿಲ್ಲ," ಎಂದು ಭಾವ ಒಪ್ಪಿದ್ದರು.

ಕೆಲಸ ಶುರುವಾಯಿತು. ತುಕ್ಕಿನ ಬೀಜಕ ಎಂದರೆ ಹಳದಿ ಪುಡಿಯ ಒಂದು ಕಣ. ಎಲೆ ಒದ್ದೆಯಾದಾಗ ಅದು ಮೊಳೆತು, ಎಲೆ ಉಸಿರಾಡುವ ಸಣ್ಣ ರಂಧ್ರದಿಂದ ಒಳಗೆ ಇಳಿಯುತ್ತದೆ. ಮೊಳೆಯುವುದಕ್ಕೆ ಮುಂಚೆ ತಾಮ್ರ ಸಿಕ್ಕಿದರೆ, ಅದು ಬೀಜಕದೊಳಗೆ ಹೋಗಿ ಅಲ್ಲಿನ ಕಿಣ್ವಗಳ ಗಂಧಕಕ್ಕೆ ಅಂಟಿಕೊಂಡು ಅವುಗಳ ಆಕಾರ ಕೆಡಿಸುತ್ತದೆ. ಕಿಣ್ವದ ಯಾವ ಪರಮಾಣು ಎಲ್ಲಿದೆ ಎಂಬ ವಿವರವನ್ನು ವಿಜ್ಞಾನಿಗಳು ಎಲ್ಲರಿಗೂ ಸಿಗುವಂತೆ ಇಟ್ಟಿರುತ್ತಾರೆ. ಅದನ್ನು ಇಳಿಸಿಕೊಂಡು ಮೈ ತುಂಬಿಸಿದೆ. ಗಂಧಕಕ್ಕೆ ಹಳದಿ ಬಣ್ಣ, ತಾಮ್ರಕ್ಕೆ ಕೆಳಗೆ ಅಂಗಡಿಯಲ್ಲಿರುವ ಮೈಲುತುತ್ತದ ನೀಲಿ. ಇದೆಲ್ಲ ಸಲೀಸಾಗಿ ಆಯಿತು. ಕಷ್ಟವಿದ್ದದ್ದು ಪ್ರಯಾಣದಲ್ಲಿ. ಅಂಗೈಯಗಲದ ಎಲೆಯಿಂದ ಹೊರಟು ರಂಧ್ರ, ರಂಧ್ರದ ಬಳಿಯ ಬೀಜಕ, ಬೀಜಕದ ಗೋಡೆ, ಒಳಗಿನ ಕಿಣ್ವ, ಕಿಣ್ವದ ಒಂದು ಮೂಲೆಯ ಗಂಧಕದವರೆಗೆ ನೋಡುವವರನ್ನು ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ಯಾರೂ ತಪ್ಪಿಸಿಕೊಳ್ಳಬಾರದು.

ಮೊದಲ ಸಲ ಕ್ಯಾಮೆರಾವನ್ನು ಸೂತ್ರ ಹರಿದ ಗಾಳಿಪಟದ ಹಾಗೆ ಬಿಟ್ಟಿದ್ದೆ. ಎಲೆಯ ಮೇಲಿಂದ ಧುಮುಕಿ, ಬೀಜಕವನ್ನು ಸುತ್ತು ಹಾಕಿ, ಗೋಡೆಯನ್ನು ತೂರಿಕೊಂಡು, ತಿರುಗುತ್ತಲೇ ಕಿಣ್ವದ ಒಳಗೆ ಹೋಗುತ್ತಿತ್ತು. ಔಷಧ ಕಂಪನಿಗಳಿಗೆ ಇಂಥದ್ದು ಬಹಳ ಹಿಡಿಸುತ್ತದೆ. ಮೇಡಂ ನೋಡಿ ಕನ್ನಡಕ ತೆಗೆದರು.

"ಚಾರ್ಮಾಡಿ ಘಾಟೀಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತಂಗಾಯ್ತು ನಂಗೆ. ನಿಂಬೆಹಣ್ಣು ಇದ್ರೆ ಕೊಡಿ," ಅಂದರು. ಆಮೇಲೆ ಒಂದು ಕಡೆ ನಿಲ್ಲಿಸಲು ಹೇಳಿ ಕೇಳಿದರು, "ಇಲ್ಲಿ ತಿರುಗಿದ್ದು ಕಿಣ್ವನೋ ಕ್ಯಾಮೆರಾನೋ?"

ಕ್ಯಾಮೆರಾ ಎಂದೆ. ಕಿಣ್ವವೇ ತಿರುಗಿತು ಎಂದು ಅವರು ತಿಳಿದಿದ್ದರು. ನಲವತ್ತು ವರ್ಷ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವರಿಗೇ ಹಾಗಾದರೆ ಉಳಿದವರ ಗತಿ ಏನು? ಅಂದಿನಿಂದ ಒಂದು ನಿಯಮ ಹಾಕಿಕೊಂಡೆ. ಅಣು ಅಲುಗುವಾಗ ಕ್ಯಾಮೆರಾ ನಿಲ್ಲಬೇಕು, ಕ್ಯಾಮೆರಾ ನಡೆಯುವಾಗ ಅಣು ಸುಮ್ಮನಿರಬೇಕು. ಒಂದಕ್ಕೆ ಮಾತ್ರ ವಿನಾಯಿತಿ ಕೊಟ್ಟೆ. ಕಿಣ್ವದ ಉಬ್ಬು ತಗ್ಗು ತಿಳಿಯಲೆಂದು ಕ್ಯಾಮೆರಾ ಆಚೀಚೆ ತುಸು ಸರಿಯಬಹುದು, ಎಲೆಯ ಹಿಂದಿನ ಹಣ್ಣು ನೋಡಲು ನಾವು ತಲೆ ಸರಿಸುತ್ತೇವಲ್ಲ, ಅಷ್ಟು. ಪ್ರತಿ ಹಂತದಲ್ಲೂ ನಿಂತು, ಹಿಂದಿನ ಹಂತದ ಒಂದು ತುಂಡು ಫ್ರೇಮಿನಲ್ಲಿ ಉಳಿದಿದೆಯೇ ಎಂದು ನೋಡಿ ಮುಂದೆ ಹೋಗಬೇಕು. ಬೀಜಕದ ಹತ್ತಿರ ಹೋದಾಗ ರಂಧ್ರದ ತುಟಿ ಕಾಣುತ್ತಿರಬೇಕು, ಗೋಡೆಯ ಹತ್ತಿರ ಹೋದಾಗ ಬೀಜಕದ ಮುಳ್ಳು ಕಾಣುತ್ತಿರಬೇಕು.

ಇಷ್ಟಾದ ಮೇಲೆ ಉಳಿದದ್ದು ಒಂದು ತೊಡಕು. ಕಾಫಿ ಎಲೆಯ ರಂಧ್ರಗಳೆಲ್ಲ ಇರುವುದು ಅಡಿಭಾಗದಲ್ಲಿ. ಅಡಿಯಿಂದ ಮೇಲೆ ನೋಡುವ ಹಾಗೆ ಕ್ಯಾಮೆರಾ ಇಟ್ಟರೆ ಬೀಜಕಗಳು ಚಾವಣಿಗೆ ಅಂಟಿಕೊಂಡಂತೆ ಕಾಣುತ್ತಿದ್ದವು, ತಾಮ್ರ ಕೆಳಗಿನಿಂದ ಮೇಲಕ್ಕೆ ಹಾರುತ್ತಿತ್ತು. ಏನೋ ಎಬಡಾಗಿ, ಸರಿಯಿಲ್ಲದಂತೆ ಕಾಣುತ್ತಿತ್ತು. ಕ್ಯಾಮೆರಾವನ್ನೇ ತಲೆಕೆಳಗು ಮಾಡಿದೆ. ಎಲೆಯ ಅಡಿ ಈಗ ನೆಲವಾಯಿತು. ಬೀಜಕಗಳು ಧೂಳಿನಂತೆ ಬಂದು ಕೂತವು, ತಾಮ್ರ ನೀಲಿ ಸೋನೆಯಾಗಿ ನಿಧಾನಕ್ಕೆ ಇಳಿಯಿತು. ಅಣುವಿನ ಲೋಕದಲ್ಲಿ ಮೇಲು ಕೆಳಗು ಎಂಬುದೇ ಇಲ್ಲವಲ್ಲ, ಹೀಗಿದ್ದರೇನು ಎಂದುಕೊಂಡೆ. ಆ ನೀಲಿ ಸೋನೆಯ ದೃಶ್ಯವನ್ನು ನಾನೇ ಎಷ್ಟೋ ಸಲ ಹಾಕಿಕೊಂಡು ನೋಡಿದ್ದೇನೆ. ಮೇಡಂ ಕೂಡ ನೋಡಿ, ಈಗ ಸರಿಯಾಯಿತು ಎಂದರು.

ಮೇಡಂ ಕರೆದ ಬೆಳೆಗಾರರ ದೊಡ್ಡ ಸಭೆಗೆ ಮುಂಚೆ ನಮ್ಮಲ್ಲೇ ಒಮ್ಮೆ ತೋರಿಸು ಎಂದಳು ಅಕ್ಕ. ಮಾರನೆಯ ದಿನದಿಂದ ಅವಳ ಇಳಿಜಾರಿಗೆ ಬೋರ್ಡೋ ಹೊಡೆಯುವುದಿತ್ತು. ಕೆಲಸದವರೂ ಅವರ ಮೇಸ್ತ್ರಿಯೂ ಬಂದಿದ್ದರು. ಬೋರ್ಡೋ ಹೊಡೆಯುವುದು ಯಾರಿಗೂ ಇಷ್ಟದ ಕೆಲಸವಲ್ಲ. ಗಿಡದ ಬುಡಕ್ಕೆ ಬಗ್ಗಿ, ನಾಝಲನ್ನು ಮೇಲ್ಮುಖ ಮಾಡಿ ಎಲೆಯ ಅಡಿಗೆ ಹೊಡೆಯಬೇಕು. ದ್ರಾವಣ ಕುತ್ತಿಗೆಗೆ, ಕಣ್ಣಿಗೆ, ರವಿಕೆಯೊಳಗೆ ಸೋರುತ್ತದೆ. ಆದರೂ ಅಡಿಗೇ ಹೊಡೆಯಬೇಕು ಎಂಬುದು ಈ ಕಡೆ ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿರುವ ಮಾತಾದ್ದರಿಂದಲೇ ಮೇಡಂ ಅದನ್ನು ನನಗೆ ಬಿಡಿಸಿ ಹೇಳಲಿಲ್ಲ, ನಾನೂ ಚಿತ್ರದಲ್ಲಿ ಹೇಳಲಿಲ್ಲ.

ಮಧ್ಯಾಹ್ನ ಕಾಫಿ ಮೂಟೆ ಇಡುವ ಗೋಡೌನಿನ ಬಾಗಿಲು ಹಾಕಿ, ಸುಣ್ಣದ ಗೋಡೆಗೆ ಪ್ರೊಜೆಕ್ಟರ್ ಬಿಟ್ಟೆ. ಎಲ್ಲರೂ ತಲೆ ಬಗ್ಗಿಸಿ, ಬಾವಿಯೊಳಗೆ ಇಣುಕುವವರ ಹಾಗೆ ನೋಡಿದರು. ಯಾರಿಗೂ ತಲೆ ತಿರುಗಲಿಲ್ಲ. ಯಾವುದು ಬೀಜಕ, ಯಾವುದು ತಾಮ್ರ ಎಂದು ಎಲ್ಲರಿಗೂ ತಿಳಿಯಿತು. ನೀಲಿ ಸೋನೆ ಇಳಿದಾಗ ಹಿಂದೆ ಕೂತ ಹೆಂಗಸರು ಚೆನ್ನಾಗಿದೆ ಚೆನ್ನಾಗಿದೆ ಎಂದು ಮಾತಾಡಿಕೊಂಡರು. ನನಗೆ ಬಹಳ ಸಂತೋಷವಾಯಿತು.

ದೀಪ ಹಾಕಿದ ಕೂಡಲೇ ಭಾವ ಹೇಳಿದರು, "ನೋಡಿ ಮತ್ತೆ. ರೋಗ ಬೀಳೋದೂ ಮೇಲಿಂದ, ಔಷಧಿ ಬೀಳೋದೂ ಮೇಲಿಂದ. ನಾವು ಇಷ್ಟು ವರ್ಷ ಸುಮ್ನೆ ಅಡಿಗೆ ಹೊಡ್ಕೊಂಡು ಸತ್ವಿ."

"ಹಂಗಾರೆ ನಾಳೆಯಿಂದ ಬಗ್ಗೋದು ತಪ್ತು," ಎಂದರು ಮೇಸ್ತ್ರಿ. ಎಲ್ಲರ ಮುಖ ಅರಳಿತು.

"ಇಲ್ಲ ಇಲ್ಲ, ಅದು ಎಲೆಯ ಅಡಿಭಾಗ," ಎಂದೆ.

"ಅಡಿಭಾಗ ಆದ್ರೆ ಮೇಲ್ಗಡೆ ಯಾಕೆ ಕಾಣ್ತಿತ್ತು ಅಮ್ಮಾ?" ಮೇಸ್ತ್ರಿ ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಕ್ಯಾಮೆರಾ ತಿರುಗಿಸಿದ್ದನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು, ತಲೆಯಾಡಿಸಿದರು. ಆದರೆ ಕಣ್ಣು ಕಂಡದ್ದು ಆಗಲೇ ಒಳಗೆ ಕೂತುಬಿಟ್ಟಿತ್ತು.

"ಎಂತ ಮಾರಾಯ್ತಿ," ಎಂದು ಭಾವ ನಕ್ಕರು. "ಈಗ ನಾವು ನಿನ್ನ ಮಾತು ನಂಬೋದಾ, ನಿನ್ನ ಸಿನಿಮಾ ನಂಬೋದಾ?"

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಗೊತ್ತಿಲ್ಲದವರಿಗೆ ಕಲಿಸುವುದಿರಲಿ, ಗೊತ್ತಿದ್ದವರಿಗೂ ಅನುಮಾನ ಹುಟ್ಟಿಸಿದ್ದೆ. ಮೇಡಂಗೆ ಫೋನ್ ಮಾಡಿದೆ. ಪ್ರಯೋಗಾಲಯದಲ್ಲಿ ಪರೀಕ್ಷೆಗೆಂದು ರೋಗ ಹತ್ತಿಸುವಾಗ ಎಲೆಯನ್ನು ಮಗುಚಿ, ಅಡಿ ಮೇಲೆ ಮಾಡಿ ತಟ್ಟೆಯಲ್ಲಿ ಇಡುತ್ತಾರಂತೆ. "ನಾನು ಜೀವಮಾನ ಇಡೀ ಎಲೆನ ಹಂಗೇ ನೋಡಿದ್ದು. ನಂಗೆ ಅದು ತಲೆಕೆಳಗು ಅಂತ ಹೊಳೀಲೇ ಇಲ್ಲ ನೋಡಿ," ಎಂದರು.

ಅಕ್ಕ ನನ್ನನ್ನು ಬಯ್ಯಲಿಲ್ಲ. ಹಿತ್ತಿಲ ಕಡೆ ಕರೆದುಕೊಂಡು ಹೋಗಿ ಹೇಳಿದಳು, "ನಾನು ಹೇಳಿದ್ರೆ ಅಡಿಗೇ ಹೊಡೀತಾರೆ. ನಾನು ನಿಂತಿರೋ ಸಾಲಲ್ಲಿ. ನಾನು ಆಚೆ ಸಾಲಿಗೆ ದಾಟಿದ ಮೇಲೆ? ಅವರನ್ನ ಎಂತ ಹೇಳೋದು, ನಿಮ್ಮ ಭಾವನೇ ಮೇಲೆ ಹೊಡೀರಿ ಅಂತಿದಾರೆ. ನಂಗೆ ಇರೋದು ಇದೊಂದೇ ವರ್ಷ."

"ಎರಡು ಮೂರು ದಿನ ತಡಿ. ಬೇರೆ ಮಾಡಿ ತರ್ತೀನಿ," ಎಂದೆ.

"ಮಳೆ ತಡೀಬೇಕಲ್ಲ," ಎಂದಳು. ಆದರೂ ಕೆಲಸದವರನ್ನು ನೆರಳಿನ ಮರಗಳ ಕೊಂಬೆ ಸವರುವ ಕೆಲಸಕ್ಕೆ ಹಚ್ಚಿ, ಬೋರ್ಡೋ ಮುಂದೆ ಹಾಕಿದಳು.

ಮರುದಿನ ಬೆಳಿಗ್ಗೆ ಮೂಡಿಗೆರೆಗೆ ಹೊರಡುವ ಮುಂಚೆ ಅವಳ ಜೊತೆ ಇಳಿಜಾರಿನಲ್ಲಿ ಒಂದು ಸುತ್ತು ಹೋದೆ. ಅವಳು ಮಾತಾಡುತ್ತ ನಡೆಯುವಾಗ ಕೈ ತನ್ನಷ್ಟಕ್ಕೆ ಒಂದು ಕೆಲಸ ಮಾಡುತ್ತಿತ್ತು. ಎಲೆಯ ಅಡಿಗೆ ಎರಡು ಬೆರಳು ಹಾಕುವುದು, ತುಸು ಮಗುಚುವುದು, ನೋಡುವುದು, ಬಿಡುವುದು. ಎಲೆ ಚಿಮ್ಮಿ ತನ್ನ ಜಾಗಕ್ಕೆ ಹೋಗುತ್ತಿತ್ತು. ಇಲ್ಲಿ ತುಕ್ಕು ನೋಡುವುದೇ ಹೀಗೆ. ನಾನೂ ಚಿಕ್ಕಂದಿನಿಂದ ನೋಡಿದ್ದೇ. ಒಂದು ಗಿಡದ ಬುಡದಲ್ಲಿ ಕೂತು ಮೇಲೆ ನೋಡಿದೆ. ಬಿಸಿಲು ಎಲೆಗಳನ್ನು ತೂರಿ ಬಂದು, ತಲೆಯ ಮೇಲೆಲ್ಲ ಎಳೆ ಹಸಿರು ಬೆಳಕು. ಎಲೆಯ ನರ ನರವೂ ಕಾಣುತ್ತಿತ್ತು. ಇದೇ ಜಾಗ ಎಂದುಕೊಂಡೆ. ನಾನು ಎಬಡು ಎಂದು ಬಿಟ್ಟದ್ದು ಇಲ್ಲಿ ದಿನಾ ಬಗ್ಗುವವರಿಗೆ ರೂಢಿಯ ನೋಟ.

"ಎಂತ ಕೂತ್ಬಿಟ್ಟೆ? ಇಂಬಳ ಹತ್ತಿ ರಕ್ತ ಕುಡಿಯತ್ತೆ, ಏಳು," ಎಂದಳು ಅಕ್ಕ.

ಬಣಕಲ್‌ವರೆಗೆ ಜೀಪಿನಲ್ಲಿ ಬರುವಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಕ್ಯಾಮೆರಾ ಎಲ್ಲೂ ಮಗುಚಬಾರದು. ಗಿಡದ ಬುಡಕ್ಕೆ ಇಳಿದು, ಮೇಲೆ ನೋಡಿ, ಅಲ್ಲಿಂದ ಅಣುವಿನವರೆಗೂ ಮೇಲು ಮೇಲಾಗಿಯೇ ಇರಬೇಕು. ಹೋದ ದಾರಿಯಲ್ಲೇ ಹಿಂದಿರುಗಬೇಕು. ಹೇಳುವುದು ಸುಲಭ. ಮಾಡಲು ಕೂತಾಗ, ಹಳೆಯ ದೃಶ್ಯಗಳನ್ನು ಬರಿದೇ ತಿರುಗಿಸಿದರೆ ಆಗುವುದಿಲ್ಲ ಎಂದು ತಿಳಿಯಿತು. ನೆರಳೆಲ್ಲ ತಪ್ಪು ದಿಕ್ಕಿಗೆ ಬೀಳುತ್ತಿತ್ತು. ಬೀಜಕಗಳು ಈಗ ಉದುರುವಂತಿಲ್ಲ, ಗಾಳಿಯಲ್ಲಿ ಪಕ್ಕದಿಂದ ಬಂದು, ನೆಲದಿಂದ ಸಿಡಿದ ಹನಿಯಲ್ಲಿ ಏರಿ ಅಂಟಬೇಕು. ತಾಮ್ರ ಕೆಳಗಿನಿಂದ ಮಂಜಾಗಿ ಮೇಲೇರಬೇಕು. ನೀಲಿ ಸೋನೆಯ ದೃಶ್ಯವನ್ನು ತೆಗೆದು ಹಾಕಿದೆ.

ಕಿಣ್ವದ ಹತ್ತಿರ ಬಂದಾಗ ಇನ್ನೊಂದು ಸಮಸ್ಯೆ. ಅಲ್ಲಿ ಎಲೆಯಿಲ್ಲ, ಎಲ್ಲ ಕಡೆಯೂ ಒಂದೇ ಥರ. ಮೇಲು ಯಾವುದೆಂದು ನೋಡುವವರು ಮರೆತೇಬಿಡುತ್ತಾರೆ. ಅದಕ್ಕೆ ಗಿಡದ ಬುಡದಲ್ಲಿ ಕಂಡ ಹಸಿರು ಬೆಳಕನ್ನು ಫ್ರೇಮಿನ ಮೇಲ್ಭಾಗದಲ್ಲಿ ಕೊನೆಯವರೆಗೂ ಉಳಿಸಿದೆ. ಮೇಡಂ ಒಪ್ಪಲಿಲ್ಲ.

"ಅಣು ಇರೋ ಜಾಗದಲ್ಲಿ ಬೆಳಕೂ ಇಲ್ಲ ಬಣ್ಣನೂ ಇಲ್ಲ. ಬೆಳಕಿನ ಅಲೆನೇ ಅಣುಗಿಂತ ದೊಡ್ಡದು. ಇದು ಸುಳ್ಳು," ಅಂದರು.

"ತಾಮ್ರ ನೀಲಿ ಅನ್ನೋದೂ ಸುಳ್ಳೇ ಮೇಡಂ. ಅದನ್ನ ನೀವು ಒಪ್ಪಿದೀರಿ. ನನ್ನ ಮೊದಲನೇ ಚಿತ್ರದಲ್ಲಿ ಇದಕ್ಕಿಂತ ಸುಳ್ಳು ಕಡಿಮೆ ಇತ್ತು, ಆದ್ರೆ ಅದು ಜನರ ದಾರಿ ತಪ್ಪಿಸ್ತು."

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನೋಡೋರಿಗೆ ಪರಾಂಬರಿಸೋಕೆ ಹೊತ್ತು ಕೊಡಿ. ಕಡೇಲಿ ಕ್ಯಾಮೆರಾ ಅಲುಗಿಸ್ಬೇಡಿ," ಎಂದು ಬೆಳಕಿಗೆ ಒಪ್ಪಿದರು.

ಅವರ ಮಾತಿನಂತೆ ತಾಮ್ರ ಗಂಧಕಕ್ಕೆ ಅಂಟುವ ಜಾಗದಲ್ಲಿ ಕ್ಯಾಮೆರಾವನ್ನು ಪೂರ್ತಿ ನಿಲ್ಲಿಸಿದೆ. ನನ್ನ ವೃತ್ತಿಯಲ್ಲಿ ಅಷ್ಟು ಹೊತ್ತು ಸುಮ್ಮನೆ ನಿಲ್ಲಿಸಲು ಎದೆ ಗಟ್ಟಿ ಬೇಕು. ಕ್ಯಾಮೆರಾ ಅಲುಗಿಸುವ ಕೀಫ್ರೇಮ್ ಹಾಕಲು ಕೈ ತವಕಿಸುತ್ತದೆ. ಕಿಣ್ವ ಮೆಲ್ಲಗೆ ಸೊಟ್ಟಗಾಗುತ್ತದೆ, ಅದರ ಮಡಿಕೆ ಮುಚ್ಚಿಹೋಗುತ್ತದೆ, ಅಷ್ಟೆ. ಆಮೇಲೆ ಕ್ಯಾಮೆರಾ ಬಂದ ದಾರಿಯಲ್ಲೇ ಹಿಂದೆ ಸರಿದು ಗಿಡದ ಬುಡಕ್ಕೆ ಬರುತ್ತದೆ. ಎಲ್ಲ ಸೇರಿ ಚಿತ್ರವಾಗಿ ಹೊರಬರಲೆಂದು ರೆಂಡರ್‌ಗೆ ಹಾಕಿದ ಮೇಲೆ ಕರೆಂಟು ಹೋಗಿ ಬಂದು ಮಾಡಿತು. ಚಿತ್ರದ ಗಾತ್ರ ಇಳಿಸಿದೆ, ನುಣುಪು ಬಿಟ್ಟೆ. ಕಿಟಕಿಯಾಚೆ ಮೇರ್ತಿ ಗುಡ್ಡದ ಕಡೆ ಮೋಡ ಕಟ್ಟುವುದನ್ನು ನೋಡುತ್ತ ಅಕ್ಕನ ಫೋನ್ ಬಂದರೆ ಏನು ಹೇಳಲಿ ಎಂದು ಹೆದರಿಕೊಂಡು ಕೂತಿದ್ದೆ. ಅವಳು ಫೋನ್ ಮಾಡಲಿಲ್ಲ.

ಎರಡನೆಯ ಸಲ ಅದೇ ಗೋಡೌನು, ಅದೇ ಗೋಡೆ. ಚಿತ್ರ ಶುರುವಾಗುವುದು ಅಕ್ಕನ ಕೈಯಿಂದ. ಹಿಂದಿನ ದಿನ ನಾನು ಮೆಸೇಜಿನಲ್ಲಿ ಕೇಳಿದ್ದಕ್ಕೆ ಅವಳೇ ಫೋನಿನಲ್ಲಿ ಹಿಡಿದು ಕಳಿಸಿದ್ದಳು. ಎರಡು ಬೆರಳು ಎಲೆಯನ್ನು ಮಗುಚುತ್ತವೆ, ಬಿಡುತ್ತವೆ. ಎಲೆ ಸ್ವಸ್ಥಾನಕ್ಕೆ ಹೋದ ಮೇಲೆ ಕ್ಯಾಮೆರಾ ಬಗ್ಗಿ ಗಿಡದಡಿ ನುಗ್ಗಿ ಮೇಲೆ ನೋಡುತ್ತದೆ. ನಾನು ಗೋಡೆಯನ್ನು ನೋಡಲಿಲ್ಲ, ಕೂತವರನ್ನು ನೋಡಿದೆ. ಸಾಲು ಸಾಲಾಗಿ ಗಲ್ಲ ಮೇಲೆದ್ದಿತ್ತು. ಗೋಡೆ ಎದುರಿಗೇ ಇದ್ದರೂ ಮೇಸ್ತ್ರಿ, ಭಾವ, ಹಿಂದಿನ ಹೆಂಗಸರು ಎಲ್ಲರೂ ಹೆಂಚಿನ ಮಾಡು ನೋಡುವವರ ಹಾಗೆ ಕತ್ತು ಎತ್ತಿದ್ದರು. ತಾಮ್ರದ ಮಂಜು ಏರಿ ಬಂದಾಗ ಒಬ್ಬಾಕೆ ಅಭ್ಯಾಸಬಲದಿಂದ ಕಣ್ಣು ಒರೆಸಿಕೊಂಡಳು.

ಈ ಸಲ ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ. ಮೇಸ್ತ್ರಿ ಎದ್ದು ಲುಂಗಿ ಕೊಡವಿಕೊಂಡು, "ಬಗ್ಗೋದು ತಪ್ಪಲ್ಲ ಅನ್ನಿ," ಎಂದರು. ಭಾವ ಮೈಲುತುತ್ತ ನೆನೆಹಾಕಲು ಡ್ರಮ್ಮಿನ ಕಡೆ ಹೋದರು. ಮರುದಿನ ಬೆಳಿಗ್ಗೆ ದ್ರಾವಣಕ್ಕೆ ಕತ್ತಿ ಅದ್ದಿ, ತಾಮ್ರ ಅಂಟಿ ಅಲಗು ಕೆಂಪಾಗಿಲ್ಲ, ಸುಣ್ಣ ಸಾಕು ಎಂದು ನೋಡಿದವರೂ ಅವರೇ. ನಾನು ಹೊರಡುವಾಗ ಇಳಿಜಾರಿನಲ್ಲಿ ಜನ ಕಾಣುತ್ತಿರಲಿಲ್ಲ. ಗಿಡಗಳ ಬುಡದಿಂದ ನೀಲಿ ಮಂಜು ಮಾತ್ರ ಏಳುತ್ತಿತ್ತು. ಕೊನೆಯ ಸಾಲು ಒಣಗಿದ ಮೇಲೆ ಮಳೆ ಹಿಡಿಯಿತು ಎಂದು ಅಕ್ಕ ಆಮೇಲೆ ಹೇಳಿದಳು.

ಆ ಚಿತ್ರವನ್ನು ಮೇಡಂ ಈಗಲೂ ಊರೂರಿಗೆ ಒಯ್ಯುತ್ತಾರೆ. ಅದರಿಂದ ತುಕ್ಕು ನಿಂತಿತು ಎಂದು ನಾನು ಹೇಳಲಾರೆ. ರೋಗ ಏರುವುದಕ್ಕೂ ಇಳಿಯುವುದಕ್ಕೂ ಮಳೆ, ಬಿಸಿಲು, ನೆರಳು ಎಂದು ನೂರು ಕಾರಣ. ನಾನು ಹೇಳಬಲ್ಲದ್ದು ಕಂಡಷ್ಟನ್ನು ಮಾತ್ರ.

ಮಳೆ ನಿಂತು ಹೊಳವಾದಾಗ ಬಾಳೂರಿಗೆ ಹೋಗಿದ್ದೆ. ಗೇಟಿನ ಪಕ್ಕ ರೋಬಸ್ಟಾ ಸಸಿಗಳು ಇರಲಿಲ್ಲ. ಚೀಲ ಇಟ್ಟ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಆಗಲೇ ನೆಟ್ಟುಬಿಟ್ಟರು ಎಂದುಕೊಂಡು, ಮನೆಯೊಳಗೂ ಹೋಗದೆ ನೇರ ಇಳಿಜಾರಿಗೆ ನಡೆದೆ. ಗಿಡಗಳು ಎಲೆ ತುಂಬಿಕೊಂಡು ನಿಂತಿದ್ದವು. ಭಾವ ಒಂದು ಗಿಡದಡಿ ಕುಕ್ಕರಗಾಲಲ್ಲಿ ಕೂತಿದ್ದರು, ಮುಖ ಮೇಲೆ.

"ಸಸಿ ಎಲ್ಲಿ ಭಾವ?" ಎಂದು ಕೇಳಿದೆ.

ಅವರು ಒಂದು ಎಲೆ ಮಗುಚಿ ನೋಡಿ, ಬಿಟ್ಟರು. ಇನ್ನೊಂದನ್ನು ಹಿಡಿದರು.

"ಬಣಕಲ್ ಕಡೆಯವರು ಕೇಳಿದ್ರು, ಕೊಟ್ಟೆ," ಎಂದರು. "ಇಟ್ಕೊಂಡು ಎಂತ ಮಾಡದು? ನೆಡೋಕೆ ಜಾಗ ಎಲ್ಲಿದೆ ಇಲ್ಲಿ."